ಜ್ಯಾಕ್ ತರಲು ಹೋದ ಮಿಸ್ತ್ರಿ

ನನ್ನ ಗಂಡನದು ಗರಗಸದ ಹಲ್ಲು ಹರಿತ ಮಾಡುವ ಕೆಲಸ. ದಾಂಡೇಲಿಯಲ್ಲಿ ಅವನು ದುಡಿಯುತ್ತಿದ್ದ ಕಟ್ಟಿಗೆ ಮಿಲ್ಲು ಮುಚ್ಚಿದ ಮೇಲೆ ಹಳಿಯಾಳದ ನಮ್ಮ ಮನೆಯಲ್ಲಿ ಕೆಲವು ತಿಂಗಳು ಸುಮ್ಮನೆ ಕುಳಿತಿದ್ದ. ಕುಳಿತವನನ್ನು ಎಬ್ಬಿಸಿದ್ದು ಮಿಸ್ತ್ರಿ. ಅದೇ ಮಿಲ್ಲಿನಲ್ಲಿ ಡೀಸೆಲ್ ಎಂಜಿನ್ ನೋಡಿಕೊಳ್ಳುತ್ತಿದ್ದ ದಾಂಡೇಲಿಯ ಸಾಬರ ಮೆಕ್ಯಾನಿಕ್ ಅವನು. ಮೀಸೆ ಮೂಡುವ ವಯಸ್ಸಿನಿಂದ ಇಬ್ಬರೂ ಗೆಳೆಯರು. ನಮ್ಮ ಮನೆಯಲ್ಲಿ ಎಲ್ಲರೂ ಅವನನ್ನು ಮಿಸ್ತ್ರಿ ಅಂತಲೇ ಕರೆಯುತ್ತಿದ್ದೆವು. ನನ್ನನ್ನು ಅವನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದ.

"ಅಂಡಮಾನಿನಾಗ ಒಂದು ಮಿಲ್ಲಿಗೆ ಮಂದಿ ಬೇಕಾಗೈತಿ," ಅಂತ ಒಂದು ಮಧ್ಯಾಹ್ನ ಬಂದು ಹೇಳಿದ. "ನಾ ಹೊಂಟೇನಿ. ನೀನೂ ನಡಿ. ಗರಗಸಕ್ಕ ಅಲ್ಲೂ ಹಲ್ಲ ಇರತಾವು."

ಇಬ್ಬರೂ ಹೋದರು. ಮರುವರ್ಷ ಮಗಳನ್ನು ಅವ್ವನ ಹತ್ತಿರ ಬಿಟ್ಟು ನಾನೂ ಹೋದೆ. ಮಿಸ್ತ್ರಿಯ ಹೆಂಡತಿ ಮಾತ್ರ ಅತ್ತೆಯನ್ನು ನೋಡಿಕೊಂಡು ದಾಂಡೇಲಿಯಲ್ಲೇ ಉಳಿದಳು. ಹೀಗಾಗಿ ಆ ದ್ವೀಪದಲ್ಲಿ ಕನ್ನಡ ಮಾತಾಡುವವರು ನಾವು ಮೂವರೇ. ಮಿಸ್ತ್ರಿ ದಿನಾ ಸಂಜೆ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಮೀನು ಅವನೇ ಹೆಚ್ಚಿ ಹೊರಗಿನ ಒಲೆಯ ಮೇಲೆ ಅವನೇ ಬೇಯಿಸಿಕೊಳ್ಳುತ್ತಿದ್ದ. ನಮ್ಮ ಲಿಂಗಾಯತರ ಅಡುಗೆಮನೆಗೆ ಅದು ಬಾರದಿರಲಿ ಅಂತ ಅವನಿಗೇ ನನಗಿಂತ ಹೆಚ್ಚು ಕಾಳಜಿ.

ದ್ವೀಪದ ಹೆಸರು ಹೇಳಿ ಪ್ರಯೋಜನವಿಲ್ಲ. ಪೋರ್ಟ್ ಬ್ಲೇರಿನಿಂದ ಹಡಗಿನಲ್ಲಿ ಹೋಗಬೇಕು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಡು ತುಂಬಿದ ಗುಡ್ಡ, ನಡುವೆ ಮಿಲ್ಲು, ನಮ್ಮ ತಗಡಿನ ಮನೆಗಳು. ಕಡಿದು ತಂದ ಪಡೌಕ್ ಮರದ ಕೆಂಪು ದಿಮ್ಮಿಗಳನ್ನು ದಂಡೆಯ ಮೇಲೇ ಒಟ್ಟುತ್ತಿದ್ದರು. ಒಂದೊಂದು ದಿಮ್ಮಿಯೂ ನನ್ನ ಎದೆಯ ಮಟ್ಟಕ್ಕೆ ಬರುವಷ್ಟು ದಪ್ಪ. ಆನೆ ಎಳೆದರೂ ನಿಂತು ನಿಂತು ಎಳೆಯುತ್ತಿತ್ತು.

ಆವತ್ತು ಭಾನುವಾರ. ಹಿಂದಿನ ದಿನ ಕ್ರಿಸ್‌ಮಸ್ ಆಗಿತ್ತು. ಮಿಲ್ಲಿನ ಬಹಳಷ್ಟು ಕೂಲಿಗಳು ರಾಂಚಿಯ ಕಡೆಯ ಕ್ರೈಸ್ತರು. ಅವರ ಬಾಗಿಲುಗಳಲ್ಲಿ ಕಾಗದದ ನಕ್ಷತ್ರಗಳು ಇನ್ನೂ ತೂಗುತ್ತಿದ್ದವು. ನಾನು ರೊಟ್ಟಿ ಬಡಿಯುತ್ತಿದ್ದೆ. ಒಮ್ಮೆಲೇ ನೆಲ ಎದ್ದು ನನ್ನನ್ನು ಗೋಡೆಗೆ ಒಗೆಯಿತು. ಏಳಲು ಹೋದರೆ ಮತ್ತೆ ಒಗೆಯಿತು. ಕಾದ ಹಂಚು ಒಲೆಯಿಂದ ಹಾರಿ ನನ್ನ ಪಾದದ ಮೇಲೆ ಬಿತ್ತು. ಚರ್ಮ ಸುಟ್ಟ ವಾಸನೆ ಬಂದರೂ ಉರಿ ಗೊತ್ತಾಗಲಿಲ್ಲ. ನನ್ನ ಗಂಡ ನನ್ನ ತೋಳು ಹಿಡಿದು ಹೊರಗೆ ಎಳೆದ. ಅಂಗಳದಲ್ಲಿ ನಿಲ್ಲಲು ಆಗದೆ ಎಲ್ಲರೂ ಕೈಕಾಲು ಊರಿ ದನಗಳ ಹಾಗೆ ಇದ್ದರು. ತೆಂಗಿನ ಮರಗಳು ನೆಲಕ್ಕೆ ಬಾಗಿ ಎದ್ದು ಮತ್ತೆ ಬಾಗುತ್ತಿದ್ದವು. ಮಿಲ್ಲಿನ ಗೋಡೆ ಬಿದ್ದ ಸದ್ದು ಕೇಳಿತು.

ನಡುಕ ನಿಂತ ಮೇಲೆ ಮಿಸ್ತ್ರಿ ಓಡಿ ಬಂದ. ಹಣೆಯಿಂದ ರಕ್ತ ಇಳಿಯುತ್ತಿತ್ತು.

"ವೈನಿ, ಹೊರಗ ಇರ್ರಿ. ಮತ್ತ ನಡಗತೈತಿ. ಒಳಗ ಏನೂ ತರಾಕ ಹೋಗಬ್ಯಾಡ್ರಿ."

"ನಿಮ್ಮ ಹಣಿ ಒಡದೈತಲ್ಲ," ಅಂದೆ.

"ಇರಲಿ. ಜನರೇಟರ್ ಡೀಸೆಲ್ ಸೋರಾಕತ್ತೈತಿ, ಬಂದ್ ಮಾಡಿ ಬರ್ತೇನಿ."

ಅವನು ಶೆಡ್ಡಿನ ಕಡೆ ಹೋದ. ನನ್ನ ಗಂಡ ದಿಮ್ಮಿಗಳ ರಾಶಿ ಉರುಳಿ ಯಾರಾದರೂ ಕೆಳಗೆ ಸಿಕ್ಕಿದ್ದಾರೇನೋ ನೋಡುತ್ತೇನೆ ಅಂತ ದಂಡೆಯ ಕಡೆ ಹೋದ. ಸಮುದ್ರ ಹಿಂದೆ ಸರಿದಿತ್ತು. ದೋಣಿಗಳು ಕೆಸರಿನಲ್ಲಿ ಒರಗಿ ಬಿದ್ದಿದ್ದವು. ನಾನು ಸಮುದ್ರವನ್ನು ಅದಕ್ಕೂ ಮೊದಲು ಕಾರವಾರದಲ್ಲಿ ಒಮ್ಮೆ ನೋಡಿದ್ದೆ, ಅಷ್ಟೇ. ಭರತ ಇಳಿತ ಇರಬೇಕು ಅಂದುಕೊಂಡೆ.

ಆಮೇಲೆ ಜನ ಕೂಗುತ್ತ ನನ್ನ ಕಡೆ ಓಡಿ ಬಂದರು. ಅವರ ಹಿಂದೆ ಕಂಡದ್ದು ಅಲೆಯಂತೆ ಇರಲಿಲ್ಲ. ಸಮುದ್ರವೇ ಎತ್ತರವಾಗಿ ನಡೆದು ಬರುತ್ತಿತ್ತು, ಕಪ್ಪಗೆ, ಮುಂದೆ ದಿಮ್ಮಿಗಳನ್ನು ಹೊತ್ತುಕೊಂಡು. ಆನೆಗೂ ಸುಲಭಕ್ಕೆ ಜಗ್ಗದ ದಿಮ್ಮಿಗಳು ನೆಟ್ಟಗೆ ಎದ್ದು ನಿಂತು, ತಿರುಗಿ, ಒಂದನ್ನೊಂದು ಗುದ್ದುತ್ತಿದ್ದವು. ನಮ್ಮ ಸಾಲಿನ ಮೊದಲ ಮನೆಗೆ ಒಂದು ದಿಮ್ಮಿ ನುಗ್ಗಿದ್ದು ನೋಡಿದೆ. ಮನೆ ಹರಿದುಹೋಯಿತು. ಬಾಗಿಲಲ್ಲಿ ನಿಂತಿದ್ದ ಹೆಂಗಸು ಮತ್ತೆ ಕಾಣಲಿಲ್ಲ.

ನಾನು ಗುಡ್ಡದ ಕಡೆ ಓಡಿದೆ. ನೀರು ಬೆನ್ನಿಗೆ ಗುದ್ದಿತು. ನೀರಿನೊಳಗೆ ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಏನೇನೋ ಬಂದು ಬಡಿದವು. ತಗಡಿನ ಒಂದು ಹಾಳೆ ನನ್ನ ಹೆಗಲನ್ನು ಸೀಳಿತು. ಯಾರದೋ ಕೈ ನನ್ನ ಸೊಂಟ ಹಿಡಿದಿತ್ತು, ಬಿಟ್ಟಿತು. ಬಾಯಿಯ ತುಂಬ ಮರಳು, ಡೀಸೆಲ್. ಬೆತ್ತದ ಪೊದೆಗೆ ಹೋಗಿ ಬಡಿದಾಗ ಮುಳ್ಳುಗಳನ್ನೇ ಎರಡೂ ಕೈಯಲ್ಲಿ ಹಿಡಿದೆ. ಮೇಲಿನಿಂದ ಒಬ್ಬ ಹೆಂಗಸು, ನೆರೆಮನೆಯ ರಾಂಚಿಯವಳು, ನನ್ನ ಕೂದಲು ಮುಷ್ಟಿಯಲ್ಲಿ ಸುತ್ತಿ ಎಳೆದಳು. ಬುಡ ಸಮೇತ ಒಂದು ಹಿಡಿ ಕಿತ್ತು ಬಂತು. ಅವಳು ಅದನ್ನು ಎಸೆದು ಮತ್ತೆ ಹಿಡಿದು ಎಳೆದಳು. ನಾನು ಬದುಕಿದ್ದು ಹಾಗೆ.

ನೀರು ಇಳಿಯತೊಡಗಿದಾಗ ನಾನು ಕೆಳಗೆ ಹೊರಟೆ. ಅವಳು ಹಿಂದಿಯಲ್ಲಿ ಬೈದಳು, ಸೆರಗು ಹಿಡಿದು ಜಗ್ಗಿದಳು. ಮೈಮೇಲೆ ಉಳಿದಿದ್ದ ಅರ್ಧ ಸೀರೆಯನ್ನೂ ಅವಳ ಕೈಯಲ್ಲೇ ಬಿಟ್ಟು, ಲಂಗ ರವಿಕೆಯಲ್ಲಿ ಇಳಿದೆ. ಮನೆಗಳಿದ್ದ ಜಾಗದಲ್ಲಿ ಮರಳಿತ್ತು. ಮಿಲ್ಲಿನ ಕಬ್ಬಿಣದ ತೊಲೆಯೊಂದರಿಂದ ಮಿಸ್ತ್ರಿ ಇಳಿಯುತ್ತಿದ್ದ. ಅವನ ಒಂದು ಕಿವಿ ಅರ್ಧ ಹರಿದು ಜೋತಾಡುತ್ತಿತ್ತು. ನನ್ನನ್ನು ನೋಡಿದವನೇ ತನ್ನ ಅಂಗಿ ಬಿಚ್ಚಿ ಕೊಟ್ಟು ಕೇಳಿದ, "ಅವಾ ಎಲ್ಲೆ?"

ಇಬ್ಬರೂ ಕೂಗುತ್ತ ಹುಡುಕಿದೆವು. ಹೆಣಗಳನ್ನು ತಿರುಗಿಸಿ ತಿರುಗಿಸಿ ಮುಖ ನೋಡಿದೆವು. ಕೊನೆಗೆ ಮಿಲ್ಲಿನ ಗರಗಸ ಕೂರಿಸಿದ್ದ ಕಟ್ಟೆಯ ಪಕ್ಕದಿಂದ ನನ್ನ ಗಂಡ ದನಿ ಕೊಟ್ಟ. ಬೆನ್ನು ಕಟ್ಟೆಗೆ ಒರಗಿತ್ತು. ಎಡಗಾಲಿನ ಮೇಲೆ, ಮೊಣಕಾಲಿನ ಕೆಳಗೆ, ಒಂದು ದಿಮ್ಮಿ ಕುಳಿತಿತ್ತು. ಅದರ ಕೆಳಗೆ ಕಾಲು ಅನ್ನುವುದು ಉಳಿದಿರಲಿಲ್ಲ. ಮಾಂಸ ಬದಿಗೆ ಉಕ್ಕಿ ಬಂದಿತ್ತು.

ಮಿಸ್ತ್ರಿ ಒಂದು ಕಬ್ಬಿಣದ ಕೊಳವೆ ಹುಡುಕಿ ತಂದು ಮೀಟಿದ. ನಾನೂ ಅದಕ್ಕೆ ಜೋತುಬಿದ್ದೆ. ದಿಮ್ಮಿ ಬೆರಳಿನಷ್ಟು ಎದ್ದು ಮತ್ತೆ ಕುಳಿತುಕೊಂಡಿತು. ನನ್ನ ಗಂಡ ಕಿರುಚಿದ್ದು ಈಗಲೂ ನನಗೆ ಮನುಷ್ಯರ ದನಿಯಾಗಿ ನೆನಪಾಗುವುದಿಲ್ಲ.

"ಕಾಲ ಕಡದ ಬಿಡ್ರಿ," ಅಂದ ಆಮೇಲೆ. "ಕೊಡ್ಲಿ ನೋಡ್ರಿ ಎಲ್ಲೆರೆ."

"ಹುಚ್ಚಗಿಚ್ಚ ಹಿಡದೈತೇನ," ಮಿಸ್ತ್ರಿ ಅಂದ. "ಶೆಡ್ಡಿನ ಗುಂಡ್ಯಾಗ ಲಾರಿ ಜ್ಯಾಕ್ ಐತಿ. ಅದು ತೇಲಿ ಹೋಗಂಗಿಲ್ಲ. ತರ್ತೇನಿ."

"ಬ್ಯಾಡ್ರಿ, ಸಮುದ್ರ ನೋಡ್ರಿ," ಅಂತ ನಾನು ಅವನ ಕೈ ಹಿಡಿದೆ. ನೀರು ಮತ್ತೆ ದೂರ ದೂರ ಹೋಗುತ್ತಿತ್ತು, ಮೊದಲಿಗಿಂತ ದೂರ. ಅವನೂ ನೋಡಿದ. ಕೈ ಬಿಡಿಸಿಕೊಂಡು ಓಡಿದ.

ನಾನು ನನ್ನ ಗಂಡನ ತಲೆಯನ್ನು ಎದೆಗೆ ಆನಿಸಿಕೊಂಡು ಕುಳಿತೆ. ಗುಡ್ಡದ ಮೇಲಿನಿಂದ ಜನ ಕೂಗತೊಡಗಿದರು.

"ನೀ ಹೋಗ," ಅಂದ ಅವನು.

"ಹೋಗಂಗಿಲ್ಲ."

"ಮಗಳ ಅದಾಳ. ಹೋಗ."

ನಾನು ಏಳಲಿಲ್ಲ. ಮದುವೆಯಾದಂದಿನಿಂದ ಕೈ ಎತ್ತದಿದ್ದ ಮನುಷ್ಯ ನನ್ನ ಮುಖಕ್ಕೆ ಮುಷ್ಟಿಯಿಂದ ಗುದ್ದಿದ. ಮೂಗು ಒಡೆಯಿತು. ಮತ್ತೆ ಗುದ್ದಿದ, ಬಾಯಿಗೆ. ಒಂದು ಹಲ್ಲು ಮುರಿಯಿತು. ನನ್ನನ್ನು ಗುಡ್ಡಕ್ಕೆ ಅಟ್ಟಲು ಅವನಿಗೆ ಬೇರೆ ದಾರಿ ಇರಲಿಲ್ಲ. ನಾನು ಅವನ ಎರಡೂ ಮುಂಗೈ ಹಿಡಿದು ಅವನ ಮೇಲೆಯೇ ಬಿದ್ದುಕೊಂಡೆ. ಆಗ ಅವನು ಅಳತೊಡಗಿದ.

ಮಿಸ್ತ್ರಿ ಶೆಡ್ಡಿನಿಂದ ಹೊರಗೆ ಬಂದಿದ್ದು ನೋಡಿದೆ. ಜ್ಯಾಕ್ ಹೆಗಲ ಮೇಲಿತ್ತು. ನಿಂತ. ಸಮುದ್ರದ ಕಡೆ ತಿರುಗಿ ನೋಡಿದ. ಶೆಡ್ಡಿನ ಬೆನ್ನಿಗೇ ಗುಡ್ಡವಿತ್ತು, ಏರಬಹುದಿತ್ತು. ಅವನು ನಮ್ಮ ಕಡೆ ಓಡಿದ. "ಬಂದೆ, ಬಂದೆ," ಅಂತ ಕೂಗುತ್ತಿದ್ದ. ನೀರಿನ ಮುಂದೆ ಬಂದ ಒಂದು ದಿಮ್ಮಿ ಅಡ್ಡಡ್ಡ ತಿರುಗಿ ಅವನ ಬೆನ್ನಿಗೆ ಹೊಡೆಯಿತು. ಅವನು ಹಿಂದಕ್ಕೆ, ಮನುಷ್ಯ ಬಾಗಲಾರದ ರೀತಿಯಲ್ಲಿ, ಎರಡಾಗಿ ಮಡಚಿಹೋದ. ಅದರ ಹಿಂದಿನ ದಿಮ್ಮಿ ಅವನ ಮೇಲೆ ಹಾಯಿತು. ಅಷ್ಟು ನೋಡಿದೆ. ನನ್ನ ಗಂಡನ ಮುಖ ನನ್ನ ಎದೆಯಲ್ಲಿ ಹುದುಗಿತ್ತು, ಅವನು ನೋಡಲಿಲ್ಲ.

ಆಮೇಲೆ ನೀರು ನಮ್ಮ ಮೇಲೆ ಬಂತು. ಅದೇ ನೀರು ನನ್ನ ಗಂಡನ ಕಾಲಿನ ಮೇಲಿದ್ದ ದಿಮ್ಮಿಯನ್ನು ಎತ್ತಿತು. ನಾವಿಬ್ಬರೂ ಕಟ್ಟೆಯ ಮೇಲೆ ಹಾದು, ಏನೇನಕ್ಕೋ ಬಡಿಯುತ್ತ, ಗುಡ್ಡದ ಬುಡದ ಮರಗಳಿಗೆ ಹೋಗಿ ಸಿಕ್ಕಿಕೊಂಡೆವು. ಅವನ ಕಾಲು ಚರ್ಮದಲ್ಲಿ ತೂಗುತ್ತಿತ್ತು. ಮಿಸ್ತ್ರಿಯ ಅಂಗಿಯ ತೋಳು ಹರಿದು ತೊಡೆಗೆ ಬಿಗಿದೆ.

ಗುಡ್ಡದ ಮೇಲೆ ಕುಡಿಯಲು ನೀರಿರಲಿಲ್ಲ. ಎಳನೀರಿಗಾಗಿ ಗಂಡಸರು ಕತ್ತಿ ಹಿರಿದು ಬಡಿದಾಡಿದರು. ಒಬ್ಬನ ಬೆರಳು ಹೋಯಿತು. ಹಡಗು ಬಂದಾಗ ಗಾಯದವರನ್ನೇ ತುಳಿದು ಹತ್ತಿದರು. ರಾಂಚಿಯ ಹೆಂಗಸು ಒಂದು ಕಟ್ಟಿಗೆ ಹಿಡಿದು ಜನರನ್ನು ಬಡಿದು ದಾರಿ ಬಿಡಿಸಿ ನನ್ನ ಗಂಡನನ್ನು ಹತ್ತಿಸಿದಳು. ತಾನು ಹತ್ತಲಿಲ್ಲ. ಅವಳ ಮಕ್ಕಳು ಸಿಕ್ಕಿರಲಿಲ್ಲ. ಅವಳ ಸುದ್ದಿ ನನಗೆ ಮತ್ತೆ ತಿಳಿಯಲಿಲ್ಲ.

ಪೋರ್ಟ್ ಬ್ಲೇರಿನ ಆಸ್ಪತ್ರೆಯಲ್ಲಿ ಕಾಲು ತೆಗೆದರು. ಎಚ್ಚರವಾದ ಮೇಲೆ ಅವನು ಮೊದಲು ಕೇಳಿದ್ದು ಮಿಸ್ತ್ರಿಯನ್ನು.

"ನಾ ನೋಡೇನಿ," ಅಂದೆ. "ಅವರು ಉಳದಿಲ್ಲ."

"ಹೆಂಗ?" ಅಂದವನು, ನಾನು ಬಾಯಿ ತೆರೆಯುವ ಮೊದಲೇ, "ಬ್ಯಾಡ, ಹೇಳಬ್ಯಾಡ," ಅಂದ. ಆಮೇಲೆ, "ಅವನ ಮನ್ಯಾಗೂ ಹೇಳಬ್ಯಾಡ. ಹೆಣ ಸಿಕ್ಕಿಲ್ಲ. ಎಲ್ಲೋ ಅದಾನ ಅಂತ ಅಕಿ ತಿಳಕೊಂಡ ಇರಲಿ."

ಊರಿಗೆ ಬಂದ ಮೇಲೆ ನಾನು ದಾಂಡೇಲಿಗೆ ಹೋದೆ. ನನ್ನ ಗಂಡ ನನ್ನ ಜೊತೆ ಮಾತು ಬಿಟ್ಟ. ಆದರೂ ಹೋದೆ. ಮಿಸ್ತ್ರಿಯ ಹೆಂಡತಿ ದಿನಾ ಒಬ್ಬೊಬ್ಬರನ್ನು ಕರೆದುಕೊಂಡು ಹೋಗಿ ಫೋನ್ ಮಾಡಿಸುತ್ತಿದ್ದಳಂತೆ, ಯಾವ ಆಸ್ಪತ್ರೆ, ಯಾವ ಶಿಬಿರ ಅಂತ. ಮನೆಯ ಹಿರಿಯರು ನನ್ನನ್ನು ಪಡಸಾಲೆಯಲ್ಲಿ ಕೂರಿಸಿದರು. ಅವಳು ಒಳಬಾಗಿಲಲ್ಲಿ ನಿಂತಳು.

ಅವಳ ಮಾವ ಕೇಳಿದ, "ತಂಗಿ, ಯಾರರೆ ಕಣ್ಣಿಲೆ ನೋಡ್ಯಾರೇನು? ಯಾರೂ ನೋಡಿಲ್ಲ ಅಂದ್ರ ನಾವು ಏನೂ ಮಾಡಾಕ ಬರಂಗಿಲ್ಲ. ಸತ್ತವರ ನಮಾಜೂ ಇಲ್ಲ, ಇದ್ದತ್ತೂ ಇಲ್ಲ."

ಇದ್ದತ್ ಅಂದರೆ ಗಂಡ ಸತ್ತವಳು ಮನೆಯೊಳಗೇ ಇದ್ದು ಕಳೆಯುವ ತಿಂಗಳುಗಳು.

"ನಾ ನೋಡೇನಿ," ಅಂದೆ.

ಅವಳು ಬಾಗಿಲಿನಿಂದ ಬಂದು ನನ್ನ ಕೆನ್ನೆಗೆ ಹೊಡೆದಳು. ಹೆಗಲಿನ ಹೊಲಿಗೆ ಇನ್ನೂ ಒಣಗಿರಲಿಲ್ಲ. ಅದರ ಮೇಲೆ ಎರಡೂ ಮುಷ್ಟಿಯಿಂದ ಗುದ್ದಿದಳು. ಹೊಲಿಗೆ ಬಿಚ್ಚಿ ರವಿಕೆ ಒದ್ದೆಯಾಯಿತು. "ಸುಳ್ಳ, ಸುಳ್ಳ ಹೇಳಾಕತ್ತೀರಿ, ನಿಮ್ಮ ಗಂಡ ಉಳದಾರ, ನನ್ನ ಗಂಡ ಎಲ್ಲೆ," ಅಂತ ಗುದ್ದುತ್ತಲೇ ಇದ್ದಳು. ಯಾರೋ ಎಳೆದರು. ನಾನು ಬಸ್ಸು ಹಿಡಿದು ಹಳಿಯಾಳಕ್ಕೆ ಬಂದೆ.

ಇದ್ದತ್ ಮುಗಿದ ಮೇಲೆ, ಬೇಸಿಗೆಯಲ್ಲಿ, ಅವಳು ಒಬ್ಬಳೇ ನಮ್ಮ ಮನೆಗೆ ಬಂದಳು. ಸೊರಗಿದ್ದಳು. ನಾನು ಚಾಪೆ ಹಾಸಿ ನೀರು ಕೊಟ್ಟೆ. ನನ್ನ ಗಂಡ ಒಳಕೋಣೆಯಲ್ಲಿದ್ದ.

"ಆವತ್ತ ನಾ ಹೊಡದೆ," ಅಂದಳು.

"ಇರಲಿ ಬಿಡ್ರಿ."

"ಮೊದಲಿಂದ ಹೇಳ್ರಿ. ಬಿಡದಂಗ ಹೇಳ್ರಿ."

ಹೇಳಿದೆ. ಅಂಗಿ ಕೊಟ್ಟದ್ದು, ಕಿವಿ ಹರಿದದ್ದು, ನಾನು ಕೈ ಹಿಡಿದದ್ದು, ಅವನು ಬಿಡಿಸಿಕೊಂಡದ್ದು, ಗುಡ್ಡ ಬಿಟ್ಟು ನಮ್ಮ ಕಡೆ ತಿರುಗಿದ್ದು. "ಬಂದೆ, ಬಂದೆ" ಅಂದದ್ದು ಹೇಳುವಾಗ ಅವಳು ಕಣ್ಣು ಮುಚ್ಚಿದಳು. ದಿಮ್ಮಿ ಹೊಡೆದದ್ದನ್ನೂ ಬಿಡಲಿಲ್ಲ.

ಒಳಗೆ ಏನೋ ಬಿದ್ದ ಸದ್ದಾಯಿತು. ನನ್ನ ಗಂಡ ಊರುಗೋಲು ಬಿಟ್ಟು ನೆಲದ ಮೇಲೆ ತೆವಳುತ್ತ ಹೊಸ್ತಿಲಿಗೆ ಬಂದಿದ್ದ. ಇದನ್ನೆಲ್ಲ ಅವನು ಕೇಳಿದ್ದು ಅದೇ ಮೊದಲು.

"ನನ್ನಿಂದ ಆತು," ಅಂದ.

ಅವಳು ಅವನ ಕಡೆ ತಿರುಗಿದಳು.

"ಹೌದ್ರಿ," ಅಂದಳು. "ನೀವು ಅಲ್ಲಿ ಬಿದ್ದಿರಲಿಲ್ಲಂದ್ರ ಅವರು ಗುಡ್ಡ ಏರತಿದ್ರು. ಅದು ಸುಳ್ಳ ಅಂತ ನಾ ಅನ್ನಂಗಿಲ್ಲ. ಆದ್ರ ನೀವು ಕರದಿರಲಿಲ್ಲ. ಅವರಾಗೇ ಬಂದ್ರು."

ನನ್ನ ಗಂಡ ಹಣೆಯನ್ನು ಹೊಸ್ತಿಲಿಗೆ ಬಡಿದುಕೊಳ್ಳತೊಡಗಿದ. ನಾನು ಏಳುವಷ್ಟರಲ್ಲಿ ಅವಳೇ ಹೋಗಿ ಅಂಗೈಯನ್ನು ಅವನ ಹಣೆಗೂ ಕಟ್ಟಿಗೆಗೂ ನಡುವೆ ಇಟ್ಟಳು. ಎರಡು ಸಲ ಅವನ ತಲೆ ಅವಳ ಕೈಯ ಮೇಲೆ ಬಡಿಯಿತು. ಆಮೇಲೆ ನಿಂತಿತು.

ಊಟ ಮಾಡಿ ಹೋಗ್ರಿ ಅಂದೆ. ರೊಟ್ಟಿ, ಬದನೆಕಾಯಿ ಪಲ್ಯ ಇತ್ತು. ಅವಳ ಎಡಗೈ ಬಾತಿತ್ತು, ಅದನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಉಂಡಳು. ಮೂರು ಗಂಟೆಯ ದಾಂಡೇಲಿ ಬಸ್ಸಿಗೆ ನಾನು ಜೊತೆಗೆ ಹೋದೆ. ಬಿಸಿಲು ಜೋರಿತ್ತು. ಬಸ್ಸು ಬಂದಾಗ ಅವಳು ಬಲಗೈಯಲ್ಲಿ ಕಂಬಿ ಹಿಡಿದು ಹತ್ತಿದಳು.