ಅವ್ವ ನೋಡದ ಬೆತ್ಲೆಹೇಮ್

ಯೆರೂಸಲೇಮಿನ ಯಾತ್ರೆ ರದ್ದಾಯಿತೆಂದು ಅಣ್ಣ ಹೇಳಿದಾಗ ಅವ್ವ ನೆದರ್ಲೆಂಡ್ಸಿನ ಕಾಪೆಲ್ಲೆ ಊರಿನ ಅವನ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಅಲ್ಲಿನ ಯುದ್ಧದಿಂದಾಗಿ ವಿಮಾನಗಳು ನಿಂತಿದ್ದವು. ಗದಗಿನ ನಮ್ಮ ಚರ್ಚಿನಲ್ಲಿ ಭಾನುವಾರದ ಶಾಲೆಯ ಮಕ್ಕಳಿಗೆ ಬೈಬಲ್ ಕಥೆ ಹೇಳುತ್ತಲೇ ವಯಸ್ಸು ಕಳೆದವಳು ಅವಳು. ಆ ಊರುಗಳನ್ನು ಒಮ್ಮೆ ಕಣ್ಣಾರೆ ಕಾಣುವ ಆಸೆಯಿಂದಲೇ ಅಣ್ಣನ ಬಳಿಗೆ ಬಂದಿದ್ದಳು. ಇಲ್ಲಿಂದ ಅಣ್ಣ ಕರೆದೊಯ್ಯುವುದೆಂದು ಮಾತಾಗಿತ್ತು.

"ಇರ್ಲಿ ಬಿಡಪಾ, ಅಲ್ಲಿ ಮಂದಿ ಸಾಯಾಕತ್ತಾರ. ನಂದೇನು ದೊಡ್ಡದು?" ಎಂದಳು.

ಮುಂದಿನ ಶನಿವಾರ ಅಣ್ಣ, ಅದೇ ದೇಶದ ಟಿಲ್‌ಬರ್ಗಿನಲ್ಲಿ ಓದುತ್ತಿದ್ದ ನನ್ನನ್ನೂ ಹತ್ತಿಸಿಕೊಂಡು, ಕಾಡಿನ ನಡುವಿನ ಒಂದು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದ. ಬೈಬಲ್ ಕಾಲದ ಊರುಗಳ ನಕಲನ್ನು ಅಲ್ಲಿ ಕಟ್ಟಿದ್ದರು. ಕಲ್ಲಿನ ಮನೆಗಳು, ಎಣ್ಣೆಯ ಗಾಣ, ರೋಮನ್ನರ ಬೀದಿ, ಕೊನೆಗೆ ಆದಿ ಕ್ರೈಸ್ತರ ಸಮಾಧಿಗಳಿದ್ದ ಗುಹೆ. ಎಲ್ಲ ನಕಲೆಂದು ಅವ್ವನಿಗೆ ಗೊತ್ತಿತ್ತು. ಗುಹೆಯ ಗೋಡೆಯಲ್ಲಿ ಆ ಕ್ರೈಸ್ತರ ಗುರುತಾಗಿ ಕೊರೆದ ಮೀನಿನ ಮೇಲೆ ಬೆರಳಾಡಿಸಿ, "ಸಿಮೆಂಟ್ ಐತಿ. ಆದ್ರೂ ಚಂದ ಮಾಡ್ಯಾರ," ಎಂದು ನಕ್ಕಳು. ಅವಳನ್ನು ಅಷ್ಟು ಹಗುರವಾಗಿ ಕಂಡು ಬಹಳ ದಿನಗಳಾಗಿದ್ದವು.

ಅಣ್ಣ ಮಾತ್ರ ಫೋಟೊಗಳಲ್ಲೇ ಮುಳುಗಿದ್ದ. ಅವ್ವನಿಗೆ ತಲೆಯ ಮೇಲೆ ಸೆರಗು ಹೊದಿಸಿ ಕಲ್ಲಿನ ಬಾಗಿಲಲ್ಲಿ ನಿಲ್ಲಿಸಿದ. "ಅವ್ವ, ಒಂಚೂರು ಈ ಕಡೆ ಬಾ. ಆ ಪೈನ್ ಗಿಡ ಕಾಣಬಾರ್ದು."

ವಾಪಸು ಬರುವಾಗ ಕಾರಿನಲ್ಲೇ ಅವನ ಫೋನು ಬಡಿದುಕೊಂಡಿತು. ಗದಗಿನ ಪಾದ್ರಿಗಳು. ಸ್ಪೀಕರಿನಲ್ಲಿ ಅವರ ದನಿ ತುಂಬಿಕೊಂಡಿತು. "ಅಮ್ಮಾರ, ಬೆತ್ಲೆಹೇಮ್ ಮುಟ್ಟಿದ್ರಂತ! ಚರ್ಚಿನ ವಾಟ್ಸಾಪ್ ಗ್ರೂಪಿನಾಗ ಫೋಟೊ ನೋಡಿ ನನ್ನ ಕಣ್ಣಾಗ ನೀರು ಬಂತ್ರಿ. ಬಂದ್ ಮ್ಯಾಲೆ ಸಭೆಯೊಳಗ ಎದ್ದು ನಿಂತು, ದೇವ್ರು ತೋರಿಸಿದ್ದಕ್ಕ ಸಾಕ್ಷಿ ಹೇಳಬೇಕು ನೀವು."

ಅವ್ವ ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಫೋನು ಕಟ್ ಮಾಡಿದ.

"ಏನಂತ ಹಾಕೀಯೋ ಗ್ರೂಪಿಗೆ?"

"ಅವ್ವ, ಎಲ್ಲಾರೂ ಕೇಳಾಕತ್ತಿದ್ರು. ಹೋಗ್ಲಿಲ್ಲ ಅಂದ್ರ ಮರ್ಯಾದಿ ಏನು ಉಳೀತದ? ಯಾರಿಗೆ ಏನ್ ನಷ್ಟ ಇದ್ರಾಗ?"

"ಅಣ್ಣ, ಈಗ್ಲೇ ಅಳಿಸಿಬಿಡು," ಎಂದೆ ನಾನು.

"ನೀ ಸುಮ್ಮನಿರು."

ಅವ್ವನ ಬಳಿ ಸ್ಮಾರ್ಟ್‌ಫೋನ್ ಇರಲಿಲ್ಲ, ನಾನು ಆ ಗ್ರೂಪಿನಲ್ಲಿರಲಿಲ್ಲ. ನಿಜ ಬರೆದು ಹಾಕು ಎಂದು ಮಗನಿಗೆ ದಿನವೂ ಹೇಳಿದಳು. ಹಾಕಿದ್ದೇನೆ ಎಂದ. ಅವಳು ನಂಬಿದಳು, ನಾನೂ ನಂಬಿದೆ.

ಅವ್ವ ಊರಿಗೆ ಮರಳಿದಾಗ ಸಭೆಯವರು ಹೂವಿನ ಹಾರ ಹಿಡಿದು ರೈಲ್ವೆ ಸ್ಟೇಷನ್ನಿಗೆ ಬಂದಿದ್ದರಂತೆ. ಪುಣ್ಯಭೂಮಿ ತುಳಿದ ಕಾಲು ಎಂದು ಒಬ್ಬಾಕೆ ಬಗ್ಗಿ ಅವಳ ಪಾದ ಮುಟ್ಟಿದಳಂತೆ. ಆ ಭಾನುವಾರ ಅವ್ವ ಎದ್ದು ನಿಂತು ನಿಜ ಹೇಳಿದಳು: ತಾನು ಬೆತ್ಲೆಹೇಮ್ ನೋಡಿಲ್ಲ, ನೋಡಿದ್ದು ಹಾಲೆಂಡಿನ ಕಾಡಿನ ಸಿಮೆಂಟಿನ ಊರು.

ಯಾರೂ ಮೆಚ್ಚಲಿಲ್ಲ. ಫೋಟೊಗೆ ಸೆರಗು ಹೊದ್ದು ನಿಂತವಳು ಅವಳೇ ಅಲ್ಲವೇ ಎಂದರು. ಸಿಕ್ಕಿಬೀಳುವ ಹೆದರಿಕೆಗೆ ಈಗ ಒಪ್ಪಿಕೊಂಡಳು ಎಂದರು. ಮಗನ ಹೆಸರನ್ನು ಅವಳು ಎತ್ತಿರಲಿಲ್ಲ. ಹಾಗಾಗಿ ಸುಳ್ಳು ಪೂರ್ತಿ ಅವಳದೇ ಆಯಿತು. ಭಾನುವಾರದ ಶಾಲೆಯಿಂದ ಅವಳನ್ನು ಯಾರೂ ತೆಗೆಯಲಿಲ್ಲ. ಮಕ್ಕಳನ್ನು ಕಳಿಸುವುದನ್ನು ಮಾತ್ರ ಒಂದೊಂದೇ ಮನೆಯವರು ನಿಲ್ಲಿಸಿದರು.

ನಾನು ಕಾಪೆಲ್ಲೆಗೆ ಹೋಗಿ ಅಣ್ಣನೊಂದಿಗೆ ಜಗಳವಾಡಿದೆ. "ಒಂದು ಫೋನ್ ಮಾಡಿ ನಿಜ ಹೇಳು," ಎಂದೆ.

"ನಾ ಅಕಿ ಖುಷಿಗೆ ಮಾಡಿದ್ದು. ಸುಮ್ನ ಇದ್ದಿದ್ರ ಎಲ್ಲಾ ಛಲೋ ಇರ್ತಿತ್ತು," ಎಂದು ಅವನು ಟಿವಿಯ ಸದ್ದು ಹೆಚ್ಚಿಸಿದ.

ಅವನು ಇವತ್ತಿಗೂ ಆ ಫೋನು ಮಾಡಿಲ್ಲ. ಅವ್ವ ಈಗ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಕೊನೆಯ ಹಾಡು ಮುಗಿಯುವ ಮುಂಚೆಯೇ ಎದ್ದು ಮನೆಗೆ ಹೋಗುತ್ತಾಳೆ.