ಪಾನಪಾತ್ರೆ, ಪುಟ್ಟ ಗ್ಲಾಸು ಮತ್ತು ಪಕ್ಕದ ಮನೆಯ ಅಜ್ಜಿ

ತಪ್ಪು ನನ್ನದು ಎಂದು ಮೊದಲೇ ಬರೆದುಬಿಡುತ್ತೇನೆ. ಕೊನೆಗೆಂದು ಇಟ್ಟುಕೊಂಡರೆ ಅದನ್ನೂ ಯಾರದೋ ದನಿಯಲ್ಲಿ ಹೇಳಿ ಜಾರಿಕೊಳ್ಳುವ ಆಸಾಮಿ ನಾನು. ಭದ್ರಾವತಿಯ ನಮ್ಮ ಚರ್ಚಿನ ಸಭೆ ಎರಡಾಯಿತಲ್ಲ, ಅದಕ್ಕೆ ನೆಪವಾದ ಫೋನು ಮಾಡಿದವನು ನಾನೇ.

ಮೊನ್ನೆ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಹೋಗುವಾಗ ಯಾರದೋ ಅಡುಗೆಮನೆಯಿಂದ ಕಪ್ಪು ದ್ರಾಕ್ಷಿ ಲವಂಗದ ಜೊತೆ ಕುದಿಯುವ ವಾಸನೆ ಬಂತು. ಕಾಲು ನಿಂತೇಬಿಟ್ಟಿತು. ಹಿಂದಿನ ಆಟೋದವನು ಬೈದ. ಬೈದವರಿಗೆ ಅವರದೇ ರಾಗದಲ್ಲಿ ತಿರುಗಿ ಒಪ್ಪಿಸುವವನು ಅಂದು ಸುಮ್ಮನೆ ಪಕ್ಕಕ್ಕೆ ಸರಿದೆ. ಪಕ್ಕದ ಮನೆಯ ಅಜ್ಜಿ ನೆನಪಾಗಿದ್ದರು…

ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಎಲ್ಲರೂ ರೊಟ್ಟಿ, ರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ದ್ರಾಕ್ಷಾರಸ ಮಾಡಿಕೊಡುತ್ತಿದ್ದವರು ಅವರು. ಗುರುವಾರ ಕಪ್ಪು ಒಣದ್ರಾಕ್ಷಿ ನೆನೆಹಾಕಿ, ಭಾನುವಾರ ಬೆಳಿಗ್ಗೆ ಬೇಗ ಎದ್ದು ಲವಂಗದ ಜೊತೆ ಕುದಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸುವರು. ನಾನು ಕಾಂಪೌಂಡಿನಾಚೆಯಿಂದ ಪಾದ್ರಿ ಅಯ್ಯನವರ ದನಿಯಲ್ಲಿ, "ಅಮ್ಮಾ, ರುಚಿ ನೋಡೋಕೆ ಒಂದು ಲೋಟ" ಎಂದರೆ, "ಅಯ್ಯನೋರಿಗೆ ಶೀತ ಆಗಿದೆ ಅಂತ ಕಾಣುತ್ತೆ, ದನಿ ಕತ್ತೆ ಥರ ಇದೆ" ಎನ್ನುತ್ತಿದ್ದರು. ಲೋಟವಂತೂ ಬರುತ್ತಿತ್ತು.

ಕೊರೊನಾ ಕಳೆದ ಮೇಲೆ ಸಭೆಯಲ್ಲಿ ತಕರಾರು ಹತ್ತಿತು. ಎಲ್ಲರೂ ಒಂದೇ ಪಾನಪಾತ್ರೆಯಿಂದ ಕುಡಿಯಬೇಕು, ಕರ್ತನು ಕೊಟ್ಟದ್ದೇ ಹಾಗೆ ಎಂದು ಕಾರ್ಯದರ್ಶಿಯ ಕಡೆಯವರು. ತಲೆಗೊಂದು ಪುಟ್ಟ ಗ್ಲಾಸು ಬೇಕು ಎಂದು ಇನ್ನೊಂದು ಕಡೆ. ಅದರ ಮುಂದಾಳು ಅಜ್ಜಿಯ ಮಗ. ಎರಡೂ ಕಡೆ ಬೈಬಲಿನ ವಾಕ್ಯಗಳಿದ್ದವು. ನಾನು ಇಬ್ಬರನ್ನೂ ಅಣಕಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಗಂಡನನ್ನು ಕಳೆದುಕೊಂಡಿದ್ದ ಅಜ್ಜಿಗೆ ಬೇಕಾಗಿದ್ದದ್ದು ಇಷ್ಟೇ: ಮಗನ ಜೊತೆ ಒಂದೇ ಬೆಂಚಿನಲ್ಲಿ ಕೂತು ಭೋಜನ ತೆಗೆದುಕೊಳ್ಳುವುದು.

ಮೊದಲ ಭಾನುವಾರದ ಹಿಂದಿನ ಒಂದು ಶನಿವಾರ ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಗೆಳೆಯರ ಮುಂದೆ ಜಂಬ ತೋರಿಸಲು, ಗೆಳೆಯನ ಫೋನಿನಿಂದ, ಕಾರ್ಯದರ್ಶಿಯ ಹಾಗೆ ಗಂಟಲು ಸರಿಮಾಡಿಕೊಂಡು ಅಜ್ಜಿಗೆ ಹೇಳಿದೆ: "ಅಮ್ಮಾ, ನಾಳೆಯಿಂದ ನಿಮ್ಮ ದ್ರಾಕ್ಷಾರಸ ಬೇಡ. ನಾವೇ ವ್ಯವಸ್ಥೆ ಮಾಡ್ಕೊಂಡಿದೀವಿ." ಬೈಯುತ್ತಾರೆ, ಆಗ ನಕ್ಕು ನಿಜ ಹೇಳುವುದು ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. "ಆಗ್ಲಿ" ಎಂದು ಇಟ್ಟುಬಿಟ್ಟರು. ಗೆಳೆಯರು ಬೆನ್ನು ತಟ್ಟಿದರು. ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡವನು ಮರೆತೆ.

ಮರುದಿನ ಪಾನಪಾತ್ರೆ ಬರಿದಾಗಿತ್ತು. ಕಾರ್ಯದರ್ಶಿ ಎಲ್ಲರೆದುರು ಕೇಳಿದರು. "ನೀವೇ ಬೇಡ ಅಂತ ಫೋನ್ ಮಾಡಿದ್ರಲ್ಲ" ಎಂದರು ಅಜ್ಜಿ. "ನಾನು ಫೋನೇ ಮಾಡಿಲ್ಲ. ಮಗ ಹೇಳಿಕೊಟ್ಟ ಸುಳ್ಳು ಇದು" ಎಂದರು ಅವರು. ಅಜ್ಜಿಯ ಮಗ ಎದ್ದು ನಿಂತ. "ನಮ್ಮಮ್ಮನ್ನ ಸುಳ್ಳಿ ಅಂದ ಜಾಗದಲ್ಲಿ ನಮಗೇನು ಕೆಲಸ?" ಅವನ ಹಿಂದೆ ಅರ್ಧ ಸಭೆ ಹೊರಗೆ ನಡೆಯಿತು. ಕೊನೆಯ ಬೆಂಚಿನಲ್ಲಿದ್ದ ನನಗೆ ಇಪ್ಪತ್ತು ಜನರ ದನಿ ಬರುತ್ತಿತ್ತು, ನನ್ನದೊಂದು ಬರಲಿಲ್ಲ.

ಮರುವಾರ ಹೇಳಿದೆ. ಯಾರೂ ನಂಬಲಿಲ್ಲ. "ಇದೂ ಮಿಮಿಕ್ರಿನಾ?" ಎಂದರು ಕಾರ್ಯದರ್ಶಿ. ಆ ಹೊತ್ತಿಗೆ ಪುಟ್ಟ ಗ್ಲಾಸಿನವರು ನ್ಯೂಟೌನಿನಲ್ಲಿ ತಮ್ಮದೇ ಆರಾಧನೆಗೆ ಒಂದು ಮಹಡಿ ಬಾಡಿಗೆಗೆ ಹಿಡಿದಾಗಿತ್ತು. ತಪ್ಪು ಎದುರಿನವರದೇ ಆಗಿರಲಿ ಎಂದು ಎರಡೂ ಕಡೆಗೆ ಆಸೆಯಿತ್ತು ಎಂದು ಈಗ ಅನಿಸುತ್ತದೆ. ಅಜ್ಜಿ ಮಾತ್ರ ನಂಬಿದರು. "ನಿನ್ನ ಒಂದು ಫೋನಿಗೆ ಒಡೆಯೋ ಸಭೆ ಮೊದ್ಲೇ ಬಿರುಕು ಬಿಟ್ಟಿತ್ತು ಮಾರಾಯ. ಅಷ್ಟೊಂದು ದೊಡ್ಡ ಮನುಷ್ಯ ಅನ್ಕೋಬೇಡ" ಎಂದು ಬಾಯಿ ಮುಚ್ಚಿಸಿದರು. ಅಂದು ಅವರ ಕಣ್ಣು ಕೆಂಪಾಗಿತ್ತು…

ಆಮೇಲೆ ಅವರು ಮೊದಲ ಭಾನುವಾರ ಹಳೇನಗರದ ನಮ್ಮ ಹಳೆಯ ಚರ್ಚಿಗೂ ಮೂರನೆಯ ಭಾನುವಾರ ನ್ಯೂಟೌನಿಗೂ ದ್ರಾಕ್ಷಾರಸ ಒಯ್ದರು. ಪೂರ್ತಿ ಇತ್ತಲೇ ಬಂದುಬಿಡು ಎಂದು ಮಗ ಕೇಳಿದ, ಹೋಗಲಿಲ್ಲ.

ಕಳೆದ ವರ್ಷ ತೀರಿಕೊಂಡರು. ಈಗ ಎರಡೂ ಕಡೆ ಅಂಗಡಿಯ ಬಾಟಲಿ ರಸ, ಅದೂ ಒಂದೇ ಅಂಗಡಿಯದು. ಸಮಾಧಿಯ ಹತ್ತಿರ ಎರಡು ಗುಂಪು ದೂರ ದೂರ ನಿಂತು ಒಂದೇ ಕೀರ್ತನೆ ಹಾಡಿದವು, ಒಂದು ಬೇಗ, ಇನ್ನೊಂದು ನಿಧಾನ. ನನ್ನಂಥವನಿಗೆ ಒಳ್ಳೆಯ ಸರಕು. ಇವತ್ತಿಗೂ ಅದನ್ನು ಮಾಡಿ ತೋರಿಸಲು ಮನಸ್ಸು ಬಂದಿಲ್ಲ. ಮೊದಲ ಭಾನುವಾರ ಬೆಳಿಗ್ಗೆ ಆ ಮನೆಯ ಕಿಟಕಿ ಮುಚ್ಚಿರುತ್ತದೆ.

ಗಂಡನ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಿದರು. ಅದಕ್ಕೆ ಯಾರೂ ಚಕಾರ ಎತ್ತಲಿಲ್ಲ. ಎರಡು ವರ್ಷ ಹಿಂದೆ ಕಾರ್ಯದರ್ಶಿ ಒಂದು ಮಧ್ಯಾಹ್ನ ಕಾಗದ ಹಿಡಿದು ಅಜ್ಜಿಯ ಮನೆಗೆ ಬಂದಿದ್ದರು. ನಾನೂ ಅಲ್ಲೇ ಕೂತಿದ್ದೆ. "ಯಾವ ಸಭೆ ಅಂತ ಬರೆದು ಕೊಡಿ ಅಮ್ಮ. ಇಲ್ಲಾಂದ್ರೆ ನಾಳೆ ನಮ್ಮ ಚರ್ಚಿನ ಸಮಾಧಿ ತೋಟದಲ್ಲಿ ಯಜಮಾನ್ರ ಪಕ್ಕದ ಜಾಗ ಕಷ್ಟ ಆಗುತ್ತೆ" ಎಂದರು. ಅಜ್ಜಿ ಕಾಗದವನ್ನು ಅವರ ಕಡೆಗೇ ಸರಿಸಿದರು.

"ಸತ್ತ ಮೇಲೆ ಗಂಡನ ಪಕ್ಕ ಮಲಗೋದು ಆಮೇಲಿನ ಮಾತಪ್ಪ. ಬದುಕಿರೋವಾಗ ಮಗನ ಪಕ್ಕ ಎಲ್ಲಿ ಕೂರ್ಲಿ, ಮೊದ್ಲು ನೀನು ಅದನ್ನ ಬರೆದು ಕೊಡು."