ಕೋಡಿಗೆ ತಡವಾಗಿ ಬಲೆ ಕಟ್ಟಿದ ವರ್ಷ

ಊರ ಕೆರೆ ಮೀನು ಸಾಕಲು ನಮ್ಮ ಮಹಿಳಾ ಸಂಘಕ್ಕೆ ಸಿಕ್ಕಾಗ ಮೊದಲು ಜಗಳವಾದದ್ದು ನಮ್ಮ ಮನೆಯಲ್ಲೇ. ನಾನು ಅಂಕೋಲೆ ಕಡೆಯವಳು. ಮದುವೆಯಾಗಿ ಕಾರವಾರದ ಹಣಕೋಣಕ್ಕಿಂತ ಸ್ವಲ್ಪ ಒಳಗಿರುವ ಈ ಊರಿಗೆ ಬಂದೆ. ಗಂಡನಿಗೆ ಮಲ್ಲಾಪುರದಲ್ಲಿ ಗುತ್ತಿಗೆ ಕೆಲಸ. ಗದ್ದೆ ನೋಡಿಕೊಳ್ಳುವವರು ನಾನು ಮತ್ತು ನನ್ನ ಭಾವನ ಹೆಂಡತಿ. ಅವರನ್ನು ನಾನು ಅಕ್ಕ ಎಂದೇ ಕರೆಯುವುದು. ಇಬ್ಬರೂ ಸಂಘದಲ್ಲಿದ್ದೆವು.

ಮೊದಲ ಸಭೆಗೆ ಮೀನು ಸಾಕಣೆ ಬಲ್ಲ ಒಬ್ಬ ಅಧಿಕಾರಿ ಬಂದಿದ್ದರು. ಕೆರೆಯಲ್ಲಿರುವ ಮುಗುಡು, ಕೊರವ ಮೀನುಗಳನ್ನು ಮೊದಲು ತೆಗೆಯಬೇಕು, ಇಲ್ಲದಿದ್ದರೆ ಅವು ನಾವು ಬಿಡುವ ಕಟ್ಲಾ, ರೋಹು ಮರಿಗಳನ್ನು ತಿಂದು ಮುಗಿಸುತ್ತವೆ ಎಂದರು. ಬ್ಲೀಚಿಂಗ್ ಪುಡಿ ಹಾಕಿದರೆ ಎಲ್ಲ ಒಮ್ಮೆಲೇ ಸಾಯುತ್ತವೆ. ಬೇಡವೆಂದರೆ ಬಲೆ ಎಳೆಯಬಹುದು. ದನಗಳು ಕುಡಿಯುವ ನೀರಿಗೆ ಪುಡಿ ಬೇಡವೆಂದು ಎಲ್ಲರೂ ಒಪ್ಪಿದೆವು. ಇನ್ನೊಂದು ಮಾತು ಕೋಡಿಯದು. ಕೆರೆ ತುಂಬಿದಾಗ ನೀರು ಹೊರಬೀಳುವ ಆ ಜಾಗಕ್ಕೆ ಮಳೆಗಾಲದ ಮೊದಲೇ ಸಣ್ಣ ಕಣ್ಣಿನ ಬಲೆ ಕಟ್ಟಬೇಕು, ಇಲ್ಲದಿದ್ದರೆ ಬಿಟ್ಟ ಮರಿಗಳೆಲ್ಲ ಹಳ್ಳದ ಪಾಲು.

ಅಕ್ಕ ಅಲ್ಲಿಯೇ ಎದ್ದು ನಿಂತರು. "ಬಲೆ ಕಟ್ಟಿದ್ರೆ ಹತ್ತುಮೀನು ಎಲ್ಲಿಂದ ಹತ್ತೂದು?"

ಮೊದಲ ದೊಡ್ಡ ಮಳೆಗೆ ಹಳ್ಳದ ಮೀನು ಕೋಡಿಯ ನೀರಿಗೆ ಎದುರಾಗಿ ಕೆರೆಗೆ ಹತ್ತುತ್ತವೆ, ಕೆರೆಯವು ಗದ್ದೆಗೆ ಇಳಿಯುತ್ತವೆ. ಗದ್ದೆಯ ತೆಳುನೀರಿನಲ್ಲಿ ಮೊಟ್ಟೆ ಇಡುತ್ತವೆ. ಆಗ ಕಾರವಾರದ ದೋಣಿಗಳೆಲ್ಲ ಕಡಲಿಗಿಳಿಯದೆ ದಡದಲ್ಲಿರುತ್ತವೆ, ಮನೆಯಲ್ಲಿ ಒಣಮೀನು ಬಿಟ್ಟರೆ ಬೇರೇನೂ ಇರುವುದಿಲ್ಲ. ಅಕ್ಕ ಪ್ರತಿ ವರ್ಷ ಕೋಡಿಗೆ ಬಿದಿರಿನ ಕೂಳಿ ಇಟ್ಟು ಮೀನು ಹಿಡಿಯುತ್ತಿದ್ದರು.

"ಒಂದು ವರ್ಷ ನೋಡುವ ಅಕ್ಕಾ," ಎಂದೆ ಮನೆಗೆ ಬಂದ ಮೇಲೆ.

"ಒಂದು ವರ್ಷ ಮೊಟ್ಟೆ ಇಡೂಕೆ ಬಿಡದಿದ್ರೆ ಮುಂದಿನ ವರ್ಷ ನಿನ್ನ ಅಧಿಕಾರಿ ತಂದುಕೊಡ್ತಾರಾ?"

"ನೀವು ಕೂಳಿಲಿ ಹಿಡಿಯೂದೂ ಮೊಟ್ಟೆ ತುಂಬಿದ ಮೀನೇ ಅಲ್ವಾ?"

ಅಕ್ಕ ಎದ್ದು ಒಳಗೆ ಹೋದರು. ಅಂದಿನಿಂದ ನನ್ನ ಚಹಾವನ್ನು ಮೆಟ್ಟಿಲ ಮೇಲೆ ಇಟ್ಟು ಹೋಗತೊಡಗಿದರು. ಗದ್ದೆಯಲ್ಲೂ ಒಬ್ಬರು ಆ ಅಂಚು, ಒಬ್ಬರು ಈ ಅಂಚು.

ಬಲೆ ಎಳೆದ ದಿನ ದೊಡ್ಡ ಕೊರವಗಳು ಸಿಕ್ಕವು, ನಿಜ. ಅವುಗಳ ಜೊತೆ ಬೆರಳುದ್ದದ ಮೀನುಗಳು ರಾಶಿಯಾಗಿ ಬಂದವು. ಕೆಲವಕ್ಕೆ ಪಟ್ಟೆ, ಕೆಲವಕ್ಕೆ ಬಾಲದ ಬಳಿ ಕಪ್ಪು ಚುಕ್ಕೆ. ಇವು ಯಾವ ಮರಿಯನ್ನೂ ತಿನ್ನುವಂತೆ ಕಾಣಲಿಲ್ಲ. ಬುಟ್ಟಿಯಿಂದ ಅವನ್ನು ಮತ್ತೆ ನೀರಿಗೆ ಸುರಿಯುವಾಗ ನನಗೆ ಅಳುಕಾಯಿತು. ಕೋಡಿ ಮುಚ್ಚಿದರೆ ಇವೂ ಒಳಗೇ ಉಳಿಯುತ್ತವೆ, ಗದ್ದೆಗೆ ಇಳಿದು ಮೊಟ್ಟೆ ಇಡಲಾಗುವುದಿಲ್ಲ. ನಾವು ಕೆರೆಯಲ್ಲಿ ಮೀನು ಹೆಚ್ಚಿಸಲು ಹೊರಟವರು, ಇದ್ದ ಮೀನನ್ನೇ ಕಳೆದುಕೊಳ್ಳುತ್ತೇವಲ್ಲ ಎನ್ನಿಸಿತು.

ಅಧಿಕಾರಿಗೆ ಫೋನ್ ಮಾಡಿ ಹತ್ತುಮೀನಿನ ವಿಷಯ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಹಾಗಾದ್ರೆ ಮರಿ ಬಿಡೋದನ್ನೇ ತಡ ಮಾಡಿ. ಹತ್ತೋದು ಮುಗಿದ ಮೇಲೆ ಬಲೆ ಕಟ್ಟಿ, ಸ್ವಲ್ಪ ಬಲಿತ ಮರಿ ತಗೊಂಡು ಬಿಡಿ. ಆದ್ರೆ ಬೇಸಿಗೆಗೆ ಮೀನು ದೊಡ್ಡದಾಗಿರೋದಿಲ್ಲ, ಅದನ್ನ ಮೊದಲೇ ಎಲ್ಲರಿಗೂ ಹೇಳಿಬಿಡಿ," ಎಂದರು.

ಹೇಳಿದೆ. ಸಭೆಯಲ್ಲಿ ಕೆಲವರು ಸಿಟ್ಟಾದರು. ಆಗ ಅಕ್ಕ ನನ್ನ ಕಡೆ ನೋಡದೆ ಅಂದರು, "ಕೂಳಿ ನಾನೂ ಇಡೂದಿಲ್ಲ. ಮೊಟ್ಟೆ ಇಟ್ಟು ವಾಪಸ್ ಬರ್ಲಿ, ಗದ್ದೆ ಹತ್ರ ಬೇಕಾದಷ್ಟು ಹಿಡ್ಕೊಳ್ಳುವ."

ಮೊದಲ ದೊಡ್ಡ ಮಳೆಯ ಬೆಳಿಗ್ಗೆ ಕೊಡೆ ಹಿಡಿದು ಇಬ್ಬರೂ ಕೋಡಿಗೆ ಹೋದೆವು. ಕಲ್ಲಿನ ಮೇಲಿಂದ ಜಾರುವ ಕೆಂಪು ನೀರಿಗೆ ಮೀನುಗಳು ಮೈ ಬಡಿದು ಹತ್ತುತ್ತಿದ್ದವು. ಜಾರಿ ಬಿದ್ದವು ಮತ್ತೆ ಹತ್ತುತ್ತಿದ್ದವು. ಪಕ್ಕದ ಕೇರಿಯ ಇಬ್ಬರು ಗಂಡಸರು ಬಲೆ ಹಿಡಿದು ಬಂದರು.

"ಮೊಟ್ಟೆ ಇಡೂಕೆ ಹೋಗ್ತಿದ್ದಾವೆ, ಈ ವರ್ಷ ಬಿಡ್ರಾ," ಅಕ್ಕ ಕೂಗಿದರು.

"ಸಂಘದವರು ಇನ್ನೂ ಮರಿನೇ ಬಿಡ್ಲಿಲ್ಲ, ಕಾವಲು ಎಂತಕೆ?" ಎಂದು ನಕ್ಕರು. ನಾವು ಕದಲದಿದ್ದುದನ್ನು ಕಂಡು ಹಳ್ಳದ ಕೆಳಗಡೆ ಹೋಗಿ ಹಿಡಿದರು. ಅಲ್ಲಿ ಬೇಡವೆನ್ನಲು ನಮ್ಮಿಂದಾಗಲಿಲ್ಲ.

ಮಳೆ ತಗ್ಗಿದ ಮೇಲೆ ಬಲೆ ಕಟ್ಟಿ ಮರಿ ಬಿಟ್ಟೆವು. ತೌಡು, ಶೇಂಗಾ ಹಿಂಡಿ ಬಿಟ್ಟು ಬೇರೇನೂ ಹಾಕಲಿಲ್ಲ. ಬೇಸಿಗೆಯಲ್ಲಿ ಹಿಡಿದಾಗ ಮೀನು ಸಣ್ಣವೇ ಇದ್ದವು, ಮಳೆಗೆ ಹತ್ತಿ ಬಂದ ಕೊರವಗಳೂ ತಮ್ಮ ಪಾಲು ತಿಂದಿದ್ದವು. ಇಬ್ಬರು ಸಂಘ ಬಿಟ್ಟರು. ಉಳಿದ ನಾವು ಟೆಂಪೋದಲ್ಲಿ, ಅಣುಸ್ಥಾವರದ ನೌಕರರಿರುವ ಮಲ್ಲಾಪುರದ ಕ್ವಾರ್ಟರ್ಸಿಗೆ ಒಯ್ದೆವು. ಅಲ್ಲಿರುವ ಬಂಗಾಳ, ಒಡಿಶಾ ಕಡೆಯವರು ರೋಹು ನೋಡಿ ಚೀಲ ಹಿಡಿದು ಓಡಿಬಂದರು. ಮಧ್ಯಾಹ್ನಕ್ಕೆ ಬುಟ್ಟಿ ಖಾಲಿ.

ಈಗಲೂ ನಾವು ಮರಿ ತಡವಾಗಿಯೇ ಬಿಡುವುದು. ತೂಕ ಹಾಕುವ ಕೆಲಸ ಅಕ್ಕನದು. ರೋಹು ತಿನ್ನಿ ಎಂದರೆ ಮಾತ್ರ ಮುಖ ತಿರುಗಿಸುತ್ತಾರೆ. "ಎಷ್ಟು ಹೊತ್ತು ಕುದಿಸಿದ್ರೂ ಅದಕ್ಕೆ ಉಪ್ಪು ಹಿಡಿಯೂದಿಲ್ಲ ಮಾರಾಯ್ತಿ," ಎನ್ನುತ್ತಾರೆ.